ಪಕ್ಕದ ಮನೆ ಅಜ್ಜಿಯ ಸಿಗಾರ್ ಡಬ್ಬಿಯಲ್ಲಿ ಹಳೇ ಬೇಸ್‌ಬಾಲ್ ಕಾರ್ಡುಗಳು: ನಾನೇ ಕೊಳ್ಳಲಾ, ಮಾರಿಸಿಕೊಡಲಾ?

ಹಾಸನ_ಟು_ಓಹಾಯೋ

ಎಲ್ಲರಿಗೂ ನಮಸ್ಕಾರ. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಬೇಸ್‌ಬಾಲ್ ಅಂತೂ ಇಲ್ಲಿಗೆ ಬಂದು ಇಷ್ಟು ವರ್ಷ ಆದರೂ ತಲೆಗೆ ಹತ್ತಿಲ್ಲ. ಈಗ ಅದೇ ವಿಷಯಕ್ಕೆ ನಿಮ್ಮ ಸಹಾಯ ಬೇಕಾಗಿದೆ.

ನಾವಿರುವುದು ಕೊಲಂಬಸ್ ಹತ್ತಿರ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ, ಮನೆ ಮಾರಿ ಮಗಳ ಊರಿಗೆ ಹೋಗುತ್ತಿದ್ದಾರೆ. ಅಟ್ಟ ಖಾಲಿ ಮಾಡಲು ನಾನೂ ಕೈ ಜೋಡಿಸಿದೆ. ಆಗ ಒಂದು ಸಿಗಾರ್ ಡಬ್ಬಿ ಸಿಕ್ಕಿತು. ಒಳಗೆ ನಲವತ್ತರ ಆಸುಪಾಸು ಪುಟ್ಟ ಕಾರ್ಡುಗಳು. ಅವರ ಮಾವನ ಕಾಲದವಂತೆ. ಇಸ್ಪೀಟು ಎಲೆಗಿಂತ ಚಿಕ್ಕವು. ಮುಂದೆ ಬಣ್ಣದಲ್ಲಿ ಆಟಗಾರನ ಚಿತ್ರ, ಸುತ್ತ ಬಿಳಿ ಅಂಚು, ಕೆಳಗೆ ಕಂದು ಅಕ್ಷರದಲ್ಲಿ ಆಟಗಾರನ ಹೆಸರು ಮತ್ತು ತಂಡದ ಊರು. ಹಿಂದೆ ಸಿಗರೇಟಿನ ಜಾಹೀರಾತು. ಜಾಸ್ತಿ ಪೀಡ್‌ಮಾಂಟ್ ಅಂತ ಇವೆ, ಕೆಲವು ಸ್ವೀಟ್ ಕ್ಯಾಪೊರಲ್. ಒಂದರ ಹಿಂದೆ 'ಹಿಂದೂ ಸಿಗರೇಟ್ಸ್' ಅಂತ ಇದೆ! ಅದನ್ನು ನೋಡಿ ನಾನೂ ನನ್ನ ಹೆಂಡತಿಯೂ ನಕ್ಕಿದ್ದೇ ನಕ್ಕಿದ್ದು.

ಮೂಲೆಗಳೆಲ್ಲ ಸವೆದು ದುಂಡಗಾಗಿವೆ. ಕೆಲವಕ್ಕೆ ಮಧ್ಯದಲ್ಲಿ ಮಡಿಸಿದ ಗೆರೆ ಇದೆ, ಕೆಲವದರ ಹಿಂದೆ ಪೆನ್ಸಿಲ್ ಗೀಚು, ಇನ್ನು ಕೆಲವಕ್ಕೆ ಆಲ್ಬಮ್ಮಿನಿಂದ ಕಿತ್ತ ಹಾಗೆ ಗೋಂದಿನ ಕಲೆ. ಹಸಿರು ಹಿನ್ನೆಲೆಯ ಒಂದು ಕಾರ್ಡಿನಲ್ಲಿ ಕಾಬ್, ಡೆಟ್ರಾಯಿಟ್ ಅಂತ ಇದೆ. ಈ ಹೆಸರನ್ನು ಮಾತ್ರ ಎಲ್ಲೋ ಕೇಳಿದ ನೆನಪು.

ಊರಿನ ಹಳೇ ಸಾಮಾನಿನ ಅಂಗಡಿಯವನು ಎಲ್ಲಕ್ಕೂ ಸೇರಿ 500 ಡಾಲರ್ ಕೊಡುತ್ತೇನೆ ಅಂದನಂತೆ. ಅಜ್ಜಿ ನನಗೆ, 'ಅಷ್ಟೇ ಕೊಟ್ಟು ನೀನೇ ಇಟ್ಟುಕೋ, ಇಲ್ಲಾ ಎಲ್ಲಾದರೂ ಮಾರಿಸಿಕೊಡು' ಅಂದಿದ್ದಾರೆ. ಇವು ಅಸಲಿಯಾ? 500 ಸರಿಯಾದ ಬೆಲೆಯಾ? ಗ್ರೇಡಿಂಗ್ ಅಂತಾರಲ್ಲ, ಕಂಪನಿಯವರು ಕಾರ್ಡು ಪರೀಕ್ಷಿಸಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದು, ಅದನ್ನು ಮಾಡಿಸಬೇಕಾ? ಗೋಂದು, ಪೆನ್ಸಿಲ್ ಗುರುತು ಎಲ್ಲ ಒರೆಸಿ ಚೊಕ್ಕಟ ಮಾಡಿದರೆ ಜಾಸ್ತಿ ದುಡ್ಡು ಬರುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇಕಾಗದ

ಮೊದಲು ಅಜ್ಜಿಗೆ ಹೇಳಿ, ಆ ಅಂಗಡಿಯವನಿಗೆ ಕೊಡುವುದು ಬೇಡ ಅಂತ. ಆಮೇಲೆ ರಬ್ಬರನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ, ನಿಮ್ಮ ಕೈಗೂ ಸಿಗದ ಕಡೆ. ಏನನ್ನೂ ಒರೆಸಬೇಡಿ.

ನೀವು ಹೇಳಿದ್ದು ಅಸಲಿಯೇ ಆಗಿದ್ದರೆ ಅವು ಟಿ206 ಕಾರ್ಡುಗಳು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯವರು ಸಿಗರೇಟು ಪ್ಯಾಕಿನ ಜೊತೆ ಹಾಕಿ ಕೊಟ್ಟಿದ್ದು. ಆಗಿನ ಪ್ಯಾಕುಗಳು ಮೆತ್ತಗೆ ಇರುತ್ತಿದ್ದವು, ಸಿಗರೇಟು ಮುರಿಯದಿರಲಿ ಅಂತ ಒಳಗೊಂದು ರಟ್ಟಿನ ಚೂರು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಹಾಕಿದರೆ ಗಿರಾಕಿ ಮುಂದಿನ ಪ್ಯಾಕಿಗೂ ನಮ್ಮ ಹತ್ತಿರವೇ ಬರುತ್ತಾನೆ ಅಂತ ಯಾರಿಗೋ ಹೊಳೆಯಿತು. ಇದು 1880ರ ದಶಕದಲ್ಲೇ ಶುರುವಾದ ಕಥೆ. ಆಗಿನ ಓಲ್ಡ್ ಜಡ್ಜ್ ಕಾರ್ಡುಗಳಲ್ಲಿ ನಿಜವಾದ ಫೋಟೊ ಅಂಟಿಸುತ್ತಿದ್ದರು. 1887ರ ಆಲನ್ ಅಂಡ್ ಗಿಂಟರ್ ಸೆಟ್ಟಿನ 50 ಕಾರ್ಡುಗಳಲ್ಲಿ ಬೇಸ್‌ಬಾಲ್ ಆಟಗಾರರು ಬರೀ 10, ಉಳಿದವರು ಕುಸ್ತಿ, ಬಾಕ್ಸಿಂಗ್, ಬಿಲಿಯರ್ಡ್ಸ್, ಹೀಗೆ.

ಟಿ206 ಅನ್ನುವುದು ಕಂಪನಿ ಇಟ್ಟ ಹೆಸರಲ್ಲ. ಜೆಫರ್ಸನ್ ಬರ್ಡಿಕ್ ಎನ್ನುವ ಸಂಗ್ರಾಹಕ 1939ರಿಂದ ಇಂಥ ಕಾರ್ಡುಗಳಿಗೆಲ್ಲ ಒಂದು ಪಟ್ಟಿ ಮಾಡಿದ. ಇಪ್ಪತ್ತನೇ ಶತಮಾನದ ತಂಬಾಕಿನ ಕಾರ್ಡಿಗೆ ಟಿ, ಹತ್ತೊಂಬತ್ತನೆಯದಕ್ಕೆ ಎನ್, ಮಿಠಾಯಿ ಜೊತೆ ಬಂದವಕ್ಕೆ ಇ. ಇವತ್ತಿಗೂ ಎಲ್ಲರೂ ಅದೇ ಸಂಖ್ಯೆ ಹೇಳುತ್ತಾರೆ. ಆತನ ಸಂಗ್ರಹ, ಮೂರು ಲಕ್ಷಕ್ಕೂ ಜಾಸ್ತಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಯಾರಾದರೂ ಆ ಕಡೆ ಹೋದರೆ ನೋಡಿ ಬನ್ನಿ.

ಈಗ ಬೆಲೆ. ಇಲ್ಲಿ ಹೊಸಬರಿಗೆ ಎರಡು ಕಡೆಯಿಂದಲೂ ಏಟು ಬೀಳುತ್ತದೆ. 'ನೂರು ವರ್ಷದ ಹಿಂದಿನದು, ಕೋಟಿ ಸಿಗುತ್ತೆ' ಅಂದುಕೊಳ್ಳುವವರು ಒಂದು ಕಡೆ, ನಿಮ್ಮ ಅಂಗಡಿಯವನ ಥರದವರು ಇನ್ನೊಂದು ಕಡೆ. ಟಿ206ರಲ್ಲಿ 524 ಬಗೆಯ ಚಿತ್ರಗಳಿವೆ, ಅದಕ್ಕೇ ಇದನ್ನು 'ಮಾನ್‌ಸ್ಟರ್' ಅಂತ ಕರೆಯುವುದು. ಆದರೆ ಇದೇನು ಸಿಗದ ಸರಕಲ್ಲ. ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದ್ದರು, ಈಗಲೂ ದಿನಾ ಮಾರಾಟಕ್ಕೆ ಬರುತ್ತವೆ. ಹೆಸರಿಲ್ಲದ ಆಟಗಾರನ ಸವೆದ ಕಾರ್ಡು ಮೂವತ್ತರಿಂದ ಅರವತ್ತು ಡಾಲರ್‌ಗೆ ಹೋಗುತ್ತದೆ. ಸೈ ಯಂಗ್, ಕ್ರಿಸ್ಟಿ ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್ ಅಂಥವರಿದ್ದರೆ ನೂರುಗಳಲ್ಲಿ. ಟೈ ಕಾಬ್ ಆದರೆ ಎಷ್ಟೇ ಹಾಳಾಗಿದ್ದರೂ ಸಾವಿರ ದಾಟುತ್ತದೆ. ಕಾಬ್‌ನದು ಈ ಸೆಟ್ಟಿನಲ್ಲಿ ನಾಲ್ಕು ಚಿತ್ರಗಳಿವೆ, ಅದರಲ್ಲಿ ಹಸಿರು ಹಿನ್ನೆಲೆಯದು ಕೆಂಪಿಗಿಂತ ಕಡಿಮೆ ಸಿಗುತ್ತದೆ. ಅಂದರೆ ಆ ಒಂದು ಕಾರ್ಡೇ ಅಂಗಡಿಯವನ 500ನ್ನು ನುಂಗಿ ಹಾಕುತ್ತದೆ, ಉಳಿದವೆಲ್ಲ ಅವನಿಗೆ ಪುಕ್ಕಟೆ.

ಮುಂದಿನ ಭಾಗ ನೋಡಿ ಆದ ಮೇಲೆ ಪ್ರತಿಯೊಂದನ್ನೂ ತಿರುಗಿಸಿ. ಒಟ್ಟು 16 ಬ್ರ್ಯಾಂಡುಗಳ ಜಾಹೀರಾತು ಬಂದಿವೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಎಲ್ಲ ಕಡೆ ಸಿಗುತ್ತವೆ. ಡ್ರಮ್, ಉಜಿಟ್, ಲೆನಾಕ್ಸ್, ಬ್ರಾಡ್ ಲೀಫ್ ಹಿಂಬದಿ ಇದ್ದರೆ ಮುಂದೆ ಯಾರ ಮುಖ ಇದ್ದರೂ ಬೆಲೆ ಏರುತ್ತದೆ. ನೀವು ನಕ್ಕ 'ಹಿಂದೂ' ಕೂಡ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಕಂದು ಶಾಯಿಯದು ಒಂದು, ಕೆಂಪು ಶಾಯಿಯದು ಇನ್ನೊಂದು, ಕೆಂಪು ಇನ್ನೂ ಅಪರೂಪ. ಆ ಕಾಲದಲ್ಲಿ ಪೂರ್ವದೇಶದ ಹೆಸರಿಟ್ಟರೆ ಸಿಗರೇಟು ಹೋಗುತ್ತದೆ ಅನ್ನುವ ಫ್ಯಾಷನ್ ಇತ್ತು, ಮೆಕ್ಕಾ, ಹಸನ್, ಫಾತಿಮಾ ಎಲ್ಲ ಇದ್ದವು. ನಮ್ಮವರನ್ನು ಯಾರೂ ಕೇಳಿಲ್ಲ ಬಿಡಿ.

ಅಳತೆ ತೆಗೆಯಿರಿ. ಅಗಲ 36-37 ಮಿಲಿಮೀಟರ್, ಉದ್ದ 66-67 ಇರಬೇಕು. ಅಮೆರಿಕನ್ ಬ್ಯೂಟಿ ಅಂತ ಹಿಂದೆ ಇದ್ದರೆ ಅದು ಹುಟ್ಟಿನಿಂದಲೇ ಸ್ವಲ್ಪ ಕಿರಿದು, ಗಾಬರಿ ಬೇಡ.

ಕಾಫಿತೋಟ

ಸವೆದ ರಟ್ಟಿಗೆ ಸಾವಿರ ಡಾಲರ್! ನಾವು ಚಿಕ್ಕಂದಿನಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳನ್ನು ಡಬ್ಬಿಗಟ್ಟಲೆ ಸೇರಿಸಿದ್ದೆವು, ಅಮ್ಮ ಒಲೆಗೆ ಹಾಕಿದಳು. ಅದು ಬಿಡಿ. ಇಷ್ಟು ಚಿಕ್ಕ ಕಾರ್ಡನ್ನು ಇವತ್ತು ಯಾರು ಬೇಕಾದರೂ ಪ್ರಿಂಟ್ ಹೊಡೆದು, ಟೀ ನೀರಲ್ಲಿ ಅದ್ದಿ, ಮೂಲೆ ತಿಕ್ಕಿ 'ಅಜ್ಜನ ಅಟ್ಟದಲ್ಲಿ ಸಿಕ್ಕಿತು' ಅಂತ ಮಾರಬಹುದಲ್ವಾ? ಸುಮ್ನೆ ಇದರಲ್ಲಿ ಕೈ ಹಾಕುವ ಬದಲು ಆ ದುಡ್ಡನ್ನು ಇಂಡೆಕ್ಸ್ ಫಂಡಿಗೆ ಹಾಕಿ ಅಂತ ನನ್ನ ಸಲಹೆ.

ಸುಲ್ತಾನ್‌ಪೇಟೆ_ಮಂಜು

ಕಾಫಿತೋಟ ಅವರೇ, ಪ್ರಿಂಟ್ ಹೊಡೆಯಬಹುದು, ಆದರೆ ಅದೇ ಥರ ಪ್ರಿಂಟ್ ಹೊಡೆಯಲು ಆಗುವುದಿಲ್ಲ. ನಾನು ಬೇಸ್‌ಬಾಲ್ ನೋಡಿದವನಲ್ಲ, ಬೆಂಗಳೂರು ಬಿಟ್ಟು ಹೊರಗೆ ಇದ್ದವನೂ ಅಲ್ಲ. ಆದರೆ ಪ್ರೆಸ್ಸಿನಲ್ಲೇ ತಲೆ ನರೆತಿದೆ, ಹಾಗಾಗಿ ಅಚ್ಚಿನ ಬಗ್ಗೆ ಮಾತ್ರ ಹೇಳುತ್ತೇನೆ.

ಈಗಿನ ಆಫ್‌ಸೆಟ್‌ನಲ್ಲಿ ಎಲ್ಲ ಬಣ್ಣವನ್ನೂ ನಾಲ್ಕು ಬಣ್ಣದ ಚುಕ್ಕಿಗಳಿಂದ ಬರಿಸುತ್ತೇವೆ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಒಂದೊಂದು ಬಣ್ಣದ ಚುಕ್ಕಿ ಸಾಲು ಒಂದೊಂದು ಕೋನದಲ್ಲಿ ಇರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟು ನೋಡಿದರೆ ಅವೆಲ್ಲ ಸೇರಿ ಸಣ್ಣ ಸಣ್ಣ ಹೂವಿನ ಹಾಗೆ, ಅಳತೆ ಹಿಡಿದು ಜೋಡಿಸಿದ ಹಾಗೆ ಕಾಣುತ್ತದೆ. ಆಗಿನ ಈ ಕಾರ್ಡುಗಳು ಲಿಥೊಗ್ರಫಿ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು, ಒಂದರ ಮೇಲೆ ಒಂದು ಹೊಡೆದು ಒಣಗಿಸಬೇಕು. ಹಸಿರು ಬೇಕಾದರೆ ಹಸಿರು ಶಾಯಿಯನ್ನೇ ಹಾಕಿದ್ದಾರೆ. ಚುಕ್ಕಿ ಇದ್ದರೂ ಅಡ್ಡಾದಿಡ್ಡಿ ಇರುತ್ತವೆ, ಹೂವಿನ ಸಾಲು ಕಾಣುವುದಿಲ್ಲ. ಬಣ್ಣ ಒಂದು ಕೂದಲೆಳೆ ಪಕ್ಕಕ್ಕೆ ಜಾರಿ ತುಟಿಯ ಕೆಂಪು ಗಲ್ಲಕ್ಕೆ ಬಂದಿರುವುದೂ ಉಂಟು.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಕೆಳಗಿನ ಹೆಸರು. ಅಸಲಿಯಲ್ಲಿ ಆ ಕಂದು ಅಕ್ಷರ ಗಟ್ಟಿ ಶಾಯಿ, ಗೆರೆ ತುಂಬಿರುತ್ತದೆ. ಅಸಲಿಯ ಫೋಟೊ ತೆಗೆದು ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರದ ಒಳಗೂ ಚುಕ್ಕಿ ಕಾಣುತ್ತದೆ, ಅಂಚು ಹರಡಿಕೊಂಡಿರುತ್ತದೆ. ಇಂಕ್‌ಜೆಟ್ ಆದರೆ ಶಾಯಿ ಎರಚಿದ ಹಾಗೆ, ಅದನ್ನು ಕಂಡುಹಿಡಿಯಲು ಪ್ರೆಸ್ಸಿನವನೇ ಬೇಕಾಗಿಲ್ಲ.

ಇನ್ನೊಂದು, ನೋಟು ನೋಡುವ ನೀಲಿ ಲೈಟು ಬರುತ್ತದಲ್ಲ, ಯುವಿ ಟಾರ್ಚು, ಅದನ್ನು ಕತ್ತಲೆ ಕೋಣೆಯಲ್ಲಿ ಬಿಡಿ. ಕಾಗದ ಬೆಳ್ಳಗೆ ಕಾಣಲಿ ಅಂತ ಹೊಳಪಿನ ರಾಸಾಯನಿಕ ಸೇರಿಸಲು ಶುರು ಮಾಡಿದ್ದು ಎರಡನೇ ಮಹಾಯುದ್ಧದ ನಂತರ. ಅದಿದ್ದರೆ ಕಾಗದ ಪಳ್ ಅಂತ ನೀಲಿಬಿಳಿ ಹೊಳೆಯುತ್ತದೆ. 1910ರ ರಟ್ಟು ಹಾಗೆ ಹೊಳೆಯುವುದಿಲ್ಲ, ಮಂಕಾಗಿರುತ್ತದೆ. ಆದರೆ ಇದನ್ನು ತಿರುಗಿಸಿ ಓದಬೇಡಿ. ಹೊಳೆದರೆ ನಕಲಿ ಅನ್ನಬಹುದು, ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಲ್ಲ. ಹಳೇ ಪುಸ್ತಕದ ಖಾಲಿ ಹಾಳೆ ಹುಡುಕಿ ಅದರ ಮೇಲೆ ಹೊಡೆಯುವ ಕಿಲಾಡಿಗಳೂ ಇದ್ದಾರೆ, ಅದಕ್ಕೇ ಭೂತಗನ್ನಡಿ ಮೊದಲು, ಟಾರ್ಚು ಆಮೇಲೆ.

ಟೀ ನೀರಿನ ವಿಷಯ ಸರಿಯಾಗಿಯೇ ಹೇಳಿದಿರಿ. ಬೇಕೆಂದು ಹಳತು ಮಾಡಿದ ಕಾಗದದ ನಾಲ್ಕೂ ಮೂಲೆ ಒಂದೇ ಥರ ಸವೆದಿರುತ್ತದೆ. ನಿಜವಾಗಿ ಕೈಯಿಂದ ಕೈಗೆ ಹೋದ ಕಾರ್ಡಿನಲ್ಲಿ ಒಂದೊಂದು ಮೂಲೆಯದು ಒಂದೊಂದು ಹಣೆಬರಹ.

ಹಳೇಕಾಗದ

ಮಂಜಣ್ಣ, ಇದನ್ನು ಇಷ್ಟು ಬಿಡಿಸಿ ಹೇಳಿದ್ದು ಇಂಗ್ಲಿಷಿನಲ್ಲೂ ನಾನು ಓದಿಲ್ಲ. ಇಲ್ಲಿನ ಕಾರ್ಡು ಜಾತ್ರೆಗಳಲ್ಲಿ ನಿಮ್ಮನ್ನು ಕೂರಿಸಿದರೆ ಅರ್ಧ ಟೇಬಲ್ಲು ಖಾಲಿಯಾಗುತ್ತದೆ.

ನಾನು ಹೇಳಬೇಕೆಂದಿದ್ದ ದೊಡ್ಡ ಮಾತು ಇದಕ್ಕೇ ಸೇರುತ್ತದೆ. ಈ ವ್ಯಾಪಾರದಲ್ಲಿ ನಕಲಿಗಿಂತ ಜಾಸ್ತಿ ಹೆದರಬೇಕಾದದ್ದು ಅಸಲಿಯನ್ನು ತಿದ್ದಿದವರಿಗೆ. ನಕಲಿಯನ್ನು ಕಂಡುಹಿಡಿಯಬಹುದು. ಅಸಲಿ ಕಾರ್ಡಿನ ಸವೆದ ಅಂಚನ್ನು ಅರ್ಧ ಮಿಲಿಮೀಟರ್ ಕತ್ತರಿಸಿ ಮೂಲೆ ಚೂಪು ಮಾಡಿದರೆ? ಮಡಿಕೆಯನ್ನು ಒತ್ತಿ ಮಾಯ ಮಾಡಿದರೆ? ಬಣ್ಣ ಹೋದ ಕಡೆ ಬಣ್ಣ ತುಂಬಿದರೆ? ಅದಕ್ಕೇ ನಾನು ನೂರು ವರ್ಷ ದಾಟಿದ ಕಾರ್ಡು ಫಳಫಳ ಅಂತಿದ್ದರೆ ಮೊದಲು ಅನುಮಾನ ಪಡುತ್ತೇನೆ, ಒದೆ ತಿಂದ ಕಾರ್ಡನ್ನು ಧೈರ್ಯವಾಗಿ ಕೊಳ್ಳುತ್ತೇನೆ.

ಹೋನಸ್ ವ್ಯಾಗ್ನರ್ ಕಾರ್ಡಿನ ಕಥೆ ಕೇಳಿ. ಇದು ಈ ಸೆಟ್ಟಿನ ರಾಜ. ಪಿಟ್ಸ್‌ಬರ್ಗ್ ಆಟಗಾರ. ತನ್ನ ಚಿತ್ರ ಹಾಕಬೇಡಿ ಅಂತ ಆತ ತಡೆದಿದ್ದರಿಂದ ಕೆಲವೇ ಹೊರಬಂದವು, ಈಗ ಉಳಿದಿರುವುದು ಅರವತ್ತರ ಆಸುಪಾಸು. ಮಕ್ಕಳು ಇದಕ್ಕಾಗಿ ಸಿಗರೇಟು ಕೊಳ್ಳಬಾರದು ಅಂತ ಹಾಗೆ ಮಾಡಿದ ಅಂತ ಕೆಲವರು, ದುಡ್ಡು ಕೊಡಲಿಲ್ಲ ಅಂತ ಕೆಲವರು. ಆತ ಸ್ವತಃ ಹೊಗೆಸೊಪ್ಪು ಜಗಿಯುತ್ತಿದ್ದವನು, ಹಾಗಾಗಿ ಈ ಜಗಳ ಇನ್ನೂ ಮುಗಿದಿಲ್ಲ.

ಅದರಲ್ಲಿ ಒಂದು ಕಾರ್ಡು ಮಾತ್ರ ನಿನ್ನೆ ಪ್ಯಾಕಿನಿಂದ ತೆಗೆದ ಹಾಗಿತ್ತು. ಐಸ್ ಹಾಕಿಯ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಸೇರಿ 1991ರಲ್ಲಿ ಸೋಥೆಬಿ ಹರಾಜಿನಲ್ಲಿ 4,51,000 ಡಾಲರ್ ಕೊಟ್ಟು ಅದನ್ನು ಕೊಂಡರು. ಪಿಎಸ್‌ಎ ಎನ್ನುವ ಗ್ರೇಡಿಂಗ್ ಕಂಪನಿ ತನ್ನ ಮೊಟ್ಟಮೊದಲ ಕಾರ್ಡಾಗಿ ಅದಕ್ಕೆ ಹತ್ತಕ್ಕೆ 8 ಕೊಟ್ಟಿತು. ಕೈ ಬದಲಾಯಿಸುತ್ತಾ 2007ರಲ್ಲಿ 28 ಲಕ್ಷ ಡಾಲರ್‌ಗೆ ಹೋಯಿತು. ಮೊದಲಿಂದಲೂ ಗುಸುಗುಸು ಇತ್ತು. ಕೊನೆಗೆ ಆ ಕಾರ್ಡನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೊ, ದೊಡ್ಡ ಹರಾಜು ಸಂಸ್ಥೆ ನಡೆಸಿದವನು, 2013ರಲ್ಲಿ ವಂಚನೆ ಕೇಸಿನಲ್ಲಿ ತಪ್ಪೊಪ್ಪಿಕೊಳ್ಳುವಾಗ ಆ ಕಾರ್ಡಿನ ಅಂಚು ಕತ್ತರಿಸಿದ್ದು ನಾನೇ ಅಂದ. 2015ರಲ್ಲಿ 20 ತಿಂಗಳ ಜೈಲು ಶಿಕ್ಷೆಯೂ ಆಯಿತು. ಅಂದರೆ ಈ ಹವ್ಯಾಸದ ಅತಿ ಹೆಸರಾದ ಕಾರ್ಡೇ ಕತ್ತರಿ ಕಂಡದ್ದು!

ಇನ್ನೊಂದು ಕಡೆ ನೋಡಿ. 2021ರಲ್ಲಿ 66 ಲಕ್ಷ ಡಾಲರ್‌ಗೆ ಹೋದ ವ್ಯಾಗ್ನರ್ ಗ್ರೇಡು ಹತ್ತಕ್ಕೆ 3. ಮರುವರ್ಷ 72.5 ಲಕ್ಷಕ್ಕೆ ಕೈ ಬದಲಾಯಿಸಿದ್ದರ ಗ್ರೇಡು ಬರೀ 2. ಸವೆದದ್ದಕ್ಕೆ ಯಾರೂ ಮೂಗು ಮುರಿಯಲಿಲ್ಲ.

ಹಾಗಾಗಿ ಹಾಸನದವರೇ, ಪೆನ್ಸಿಲ್ ಗುರುತು ಉಜ್ಜಿದರೆ ಮೇಲಿನ ಪದರವೇ ಏಳುತ್ತದೆ, ಬೇಡ. ಗೋಂದಿನದು ಬೇರೆ ವಿಷಯ. ಬರೀ ಶುದ್ಧ ನೀರಿನಲ್ಲಿ ನೆನೆಸಿ ಆಲ್ಬಮ್ ಕಾಗದ ಬಿಡಿಸುವುದನ್ನು ಹೆಚ್ಚಿನ ಸಂಗ್ರಾಹಕರು ತಪ್ಪು ಅನ್ನುವುದಿಲ್ಲ, ಲಿಥೊ ಶಾಯಿ ನೀರಿಗೆ ಬಿಡುವುದಿಲ್ಲ. ಆದರೂ ಕೈ ಪಳಗದವರು ಕಾಬ್ ಮೇಲೆ ಕಲಿಯುವುದು ಬೇಡ ಅಲ್ವಾ. ಹಾಗೇ ಬಿಡಿ.

ಡಲ್ಲಾಸ್_ಪ್ರವೀಣ

ನನ್ನ ಪ್ರಕಾರ ನಲವತ್ತನ್ನೂ ಗ್ರೇಡಿಂಗ್‌ಗೆ ಕಳಿಸಿಬಿಡಿ. ಸ್ಲ್ಯಾಬ್ ಒಳಗಿದ್ದರೆ, ಅಂದರೆ ಗ್ರೇಡು ಬರೆದು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿದ್ದರೆ, ಕೊಳ್ಳುವವನಿಗೆ ನಂಬಿಕೆ, ಮಾರುವವನಿಗೆ ನೆಮ್ಮದಿ. ಹಾಗೇ ಇರುವ ಕಾರ್ಡನ್ನು ಇವತ್ತು ಯಾರು ಕೊಳ್ಳುತ್ತಾರೆ?

ಸುಧಾ_ಎಡಿಸನ್

ಪ್ರವೀಣ್, ಎಲ್ಲವನ್ನೂ ಕಳಿಸಿದರೆ ಲಾಭ ಆಗುವುದು ಗ್ರೇಡಿಂಗ್ ಕಂಪನಿಗೆ ಮಾತ್ರ. ಫೀಸು, ಅಂಚೆ, ವಿಮೆ ಎಲ್ಲ ಸೇರಿಸಿದರೆ ಒಂದಕ್ಕೆ ಸುಮಾರು ಮೂವತ್ತು ಡಾಲರ್ ಬೀಳುತ್ತದೆ ಅಂತಿಟ್ಟುಕೊಳ್ಳಿ. ನಲವತ್ತು ಡಾಲರ್ ಬಾಳುವ ಕಾರ್ಡು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ 1 ಅಂತ ಬರೆಸಿಕೊಂಡು ಬಂದರೆ ಅರವತ್ತಾಗಬಹುದು. ಉಳಿದದ್ದು ಏನು? ನಾನು ಹಳೇ ಕಾರ್ಡುಗಳನ್ನು ಕೊಂಡು ಮಾರುವುದನ್ನು ಪಾರ್ಟ್‌ಟೈಮ್ ಮಾಡುತ್ತೇನೆ, ನನ್ನ ರೀತಿ ಹೀಗೆ: ಕಾಬ್, ಹಾಲ್ ಆಫ್ ಫೇಮ್ ಗೌರವ ಪಡೆದ ದೊಡ್ಡ ಆಟಗಾರರು, ಅಪರೂಪದ ಹಿಂಬದಿ, ಇವಿಷ್ಟು ಗ್ರೇಡಿಂಗ್‌ಗೆ. ಉಳಿದವನ್ನು ಐದು, ಹತ್ತರ ಗುಂಪು ಮಾಡಿ ಹಾಗೆಯೇ ಮಾರುವುದು. ಸೆಟ್ಟು ತುಂಬಿಸುತ್ತಿರುವವರು ಗುಂಪನ್ನು ಮುಗಿಬಿದ್ದು ತಗೊಳ್ಳುತ್ತಾರೆ. ಹಿಂದೆ ಮುಂದೆ ಎರಡೂ ಕಡೆ ಸ್ಕ್ಯಾನ್ ಹಾಕಿ, ಮಡಿಕೆ, ಗೋಂದು ಎಲ್ಲ ನೀವೇ ಬರೆದುಬಿಡಿ, ಆಮೇಲೆ ತಕರಾರು ಬರುವುದಿಲ್ಲ.

ಯಾವ ಕಂಪನಿ ಅಂದರೆ, ಪಿಎಸ್‌ಎ ಹೆಸರಿಗೆ ದುಡ್ಡು ಸ್ವಲ್ಪ ಜಾಸ್ತಿ ಬರುತ್ತದೆ. ಹಳೇ ಕಾರ್ಡಿನವರಿಗೆ ಎಸ್‌ಜಿಸಿ ಎನ್ನುವ ಇನ್ನೊಂದು ಗ್ರೇಡಿಂಗ್ ಕಂಪನಿ ಇಷ್ಟ, ಅದರ ಕಪ್ಪು ಚೌಕಟ್ಟಿನಲ್ಲಿ ಬಿಳಿ ಅಂಚಿನ ಕಾರ್ಡು ಬಹಳ ಚೆನ್ನಾಗಿ ಕಾಣುತ್ತದೆ. 2024ರಿಂದ ಎರಡೂ ಒಂದೇ ಮಾತೃಸಂಸ್ಥೆಯ ಕೈಯಲ್ಲಿವೆ, ಆ ಚರ್ಚೆ ಶುರು ಮಾಡಿದರೆ ಇವತ್ತು ಮುಗಿಯುವುದಿಲ್ಲ.

ಕೊಳ್ಳುವವರಿಗೂ ಒಂದು ಮಾತು. ಸ್ಲ್ಯಾಬ್ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ. ಸ್ಲ್ಯಾಬನ್ನೇ ನಕಲಿ ಮಾಡುತ್ತಾರೆ. ಲೇಬಲ್ ಮೇಲಿನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಫೋಟೊ ಇದ್ದರೆ ಕೈಯಲ್ಲಿರುವ ಕಾರ್ಡಿನ ಮಡಿಕೆ, ಕಲೆ ಎಲ್ಲ ಅದೇನಾ ಅಂತ ಹೋಲಿಸಿ. ಬೆಲೆಗೆ ಈಬೇಯಲ್ಲಿ ಜನ ಕೇಳುತ್ತಿರುವುದನ್ನು ನೋಡಬೇಡಿ, ಮಾರಾಟ ಆಗಿ ಮುಗಿದದ್ದನ್ನು ನೋಡಿ. ಯಾರು ಏನು ಬೇಕಾದರೂ ಕೇಳಬಹುದು.

ಕಾಬ್‌ಗೆ ಹಳೇ ಕಾರ್ಡಿನ ಹರಾಜು ಸಂಸ್ಥೆಗಳನ್ನು ವಿಚಾರಿಸಿ. ಗೆದ್ದವನಿಂದ ಮೇಲೆ ಇಪ್ಪತ್ತು ಶೇಕಡ ಆಸುಪಾಸು ಪ್ರೀಮಿಯಂ ತಗೊಳ್ಳುವುದು ಸಾಮಾನ್ಯ. ಒಳ್ಳೆ ಕಾರ್ಡಾದರೆ ಮಾರುವವರ ಕಮಿಷನ್ ಬಿಡಲು ಒಪ್ಪುತ್ತಾರೆ, ಬಾಯಿಬಿಟ್ಟು ಕೇಳಬೇಕು ಅಷ್ಟೇ. ತೆರಿಗೆ ಮರೆಯಬೇಡಿ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟ ಸಂಗ್ರಹದ ವಸ್ತು ಮಾರಿದರೆ ಲಾಭದ ಮೇಲೆ ಫೆಡರಲ್ ತೆರಿಗೆ 28 ಶೇಕಡದವರೆಗೆ ಹೋಗುತ್ತದೆ, ಶೇರಿನ ಲೆಕ್ಕ ಅಲ್ಲ. ಆದರೆ ಅಜ್ಜಿಗೆ ಇದು ಯಜಮಾನರು ತೀರಿಕೊಂಡ ಮೇಲೆ ಬಂದಿದ್ದರೆ ಆ ದಿನದ ಬೆಲೆಯಿಂದ ಲೆಕ್ಕ ಶುರುವಾಗಬಹುದು. ಆಗ ಲಾಭ ಬಹಳ ಕಡಿಮೆ ತೋರುತ್ತದೆ. ಅಜ್ಜಿಯ ಅಕೌಂಟೆಂಟ್ ಹತ್ತಿರ ಒಮ್ಮೆ ಕೇಳಿಸಿ.

ಕೊನೆಗೆ ಒಂದು ನಿಷ್ಠುರದ ಮಾತು. ಇದರ ಬೆಲೆ ಈಗ ನಿಮಗೆ ಗೊತ್ತಾಯಿತು, ಅಜ್ಜಿಗೆ ಗೊತ್ತಿಲ್ಲ. 500 ಕೊಟ್ಟು ನೀವೇ ತಗೊಂಡರೆ ಅಂಗಡಿಯವನಿಗೂ ನಿಮಗೂ ಏನು ವ್ಯತ್ಯಾಸ? ಮಾರಿಸಿಕೊಡಿ, ಮಗಳನ್ನೂ ಫೋನಿನಲ್ಲಿ ಸೇರಿಸಿಕೊಂಡು.

ಹಾಸನ_ಟು_ಓಹಾಯೋ

ಅಬ್ಬಾ, ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಸುಧಾ ಮೇಡಂ, ನೀವು ಹೇಳಿದ್ದು ಸರಿ. ನಿನ್ನೆ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆವು, ಮಾರಿಸುವುದು ಅಂತ ತೀರ್ಮಾನ ಆಗಿದೆ.

ಮಂಜಣ್ಣ ಹೇಳಿದ ಹಾಗೆ ಭೂತಗನ್ನಡಿ, ಟಾರ್ಚು ತರಿಸಿ ಕತ್ತಲೆಯಲ್ಲಿ ಕೂತು ನೋಡಿದೆ. ಒಂದು ಕಾರ್ಡು ಮಾತ್ರ ಟ್ಯೂಬ್‌ಲೈಟ್ ಹಾಗೆ ಹೊಳೆಯಿತು, ಅದರ ಹೆಸರಿನ ಅಕ್ಷರದ ಒಳಗೂ ಚುಕ್ಕಿ. ಯಾರದ್ದು ಅಂತೀರಾ? ವ್ಯಾಗ್ನರ್! ಅದರ ಹಿಂದೆ ಮೂಲೆಯಲ್ಲಿ ಸಣ್ಣದಾಗಿ ರೀಪ್ರಿಂಟ್ ಅಂತ ಬೇರೆ ಇದೆ. ಯಜಮಾನರು ಯಾವಾಗಲೋ ತಮಾಷೆಗೆ ತಂದು ಹಾಕಿರಬೇಕು ಅಂತ ಅಜ್ಜಿ ನಕ್ಕರು. ಉಳಿದವೆಲ್ಲ ಮಂಕಾಗಿವೆ, ಅಕ್ಷರ ಗಟ್ಟಿಯಾಗಿವೆ. ಎರಡು ಕಿರಿದಾಗಿದ್ದವು, ತಿರುಗಿಸಿದರೆ ಎರಡೂ ಅಮೆರಿಕನ್ ಬ್ಯೂಟಿ.

ಕಾಬ್‌ನ ಹಿಂದೆ ಪೀಡ್‌ಮಾಂಟ್, 350 ಸಬ್ಜೆಕ್ಟ್ಸ್ ಅಂತ ಇದೆ. ಅಡ್ಡಕ್ಕೆ ಒಂದು ಮಡಿಕೆ. 'ಹಿಂದೂ' ಕಂದು ಶಾಯಿಯದು, ಮುಂದೆ ಇರುವವನು ದೊಡ್ಡ ತಂಡದವನಲ್ಲ, ದಕ್ಷಿಣದ ಯಾವುದೋ ಸಣ್ಣ ಊರಿನ ತಂಡದವನು. ಹಾಗಾದರೆ ಇದಕ್ಕೆ ಬೆಲೆ ಇಲ್ವಾ? ಯಾಕೆ ಕೇಳಿದೆ ಅಂದರೆ, ಓಡಾಡಿದ್ದಕ್ಕೆ ನೀನು ಏನಾದರೂ ಇಟ್ಟುಕೊಳ್ಳಲೇಬೇಕು ಅಂತ ಅಜ್ಜಿ ಇದನ್ನು ನನ್ನ ಕೈಗೆ ಕೊಟ್ಟಿದ್ದಾರೆ.

ಹಳೇಕಾಗದ

ಇಲ್ಲೇ ಇರುವುದು ಮಜಾ. ಟಿ206ರಲ್ಲಿ ದಕ್ಷಿಣದ ಸಣ್ಣ ಲೀಗುಗಳ ಆಟಗಾರರು ಬರೀ 48 ಜನ. ಅವರನ್ನು ದೊಡ್ಡ ಲೀಗಿನ ಸಾಮಾನ್ಯ ಆಟಗಾರರಿಗಿಂತ ಜಾಸ್ತಿ ಹುಡುಕುತ್ತಾರೆ, ಅದರ ಮೇಲೆ ಹಿಂದೂ ಹಿಂಬದಿ ಅಂದರೆ ಇನ್ನೂ ಚೆನ್ನ. ಕಾಬ್‌ನಷ್ಟಲ್ಲ, ಆದರೆ ನೂರುಗಳ ಲೆಕ್ಕ. ಅಜ್ಜಿಗೂ ಮಗಳಿಗೂ ಈ ಬೆಲೆ ಹೇಳಿ. ಗೊತ್ತಿದ್ದೂ ಕೊಟ್ಟರೆ ಸಂತೋಷವಾಗಿ ಇಟ್ಟುಕೊಳ್ಳಿ.

ನಿಮ್ಮ ಓಹಾಯೋದಲ್ಲೇ 2012ರಲ್ಲಿ ಡಿಫಯನ್ಸ್ ಎನ್ನುವ ಊರಿನ ಒಂದು ಅಟ್ಟದಲ್ಲಿ ಸುಮಾರು 700 ಕಾರ್ಡುಗಳು ಸಿಕ್ಕಿದ್ದವು, ತಂಬಾಕಿನವಲ್ಲ, ಮಿಠಾಯಿ ಜೊತೆ ಬಂದ ಇ98. ಒಂದು ರಟ್ಟಿನ ಡಬ್ಬಿಯಲ್ಲಿ ನೂರು ವರ್ಷ ಯಾರೂ ಮುಟ್ಟದೆ ಕೂತಿದ್ದವು. ಮೊದಲ ಕಂತಿನಲ್ಲಿ ಮಾರಿದ್ದಕ್ಕೇ 5 ಲಕ್ಷ ಡಾಲರ್ ದಾಟಿತು. ಫಳಫಳ ಅಂತಿದ್ದರೆ ಅನುಮಾನ ಪಡಬೇಕು ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಇದು ಅಪವಾದ: ಎಲ್ಲಿಂದ ಬಂತು ಅನ್ನುವುದು ಮನೆಯವರಿಗೆ ಗೊತ್ತಿತ್ತು. ಹಾಗಾಗಿ ನೀವೂ ಡಬ್ಬಿಯನ್ನು ಎಸೆಯಬೇಡಿ. ಡಬ್ಬಿಯ ಫೋಟೊ, ಯಾರದ್ದು, ಯಾವ ಮನೆ ಅಂತ ಅಜ್ಜಿಯ ಕೈಯಲ್ಲಿ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿ. ಹರಾಜಿನವರು ಕೇಳುತ್ತಾರೆ.

ಕಾಫಿತೋಟ

ಸರಿ, ಸೋತೆ. ಒಂದು ಪ್ರಶ್ನೆ. ನಮ್ಮ ಕಡೆ ಇಂಥದ್ದು ಇತ್ತಾ? ತಾತನ ಪೆಟ್ಟಿಗೆ ತೆಗೆಯಬೇಕಾ ಅಂತ ಯೋಚನೆ.

ಹಳೇಕಾಗದ

ತೆಗೆಯಿರಿ, ಖರ್ಚೇನು? ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ 50 ಕ್ರಿಕೆಟಿಗರ ಸಿಗರೇಟು ಕಾರ್ಡು ತಂದಿತ್ತು. ರಣಜಿ ಚಿತ್ರದ ಸಿಗರೇಟು ಕಾರ್ಡುಗಳೂ ಇವೆ. ಅಂದಹಾಗೆ ಈ ಅಮೆರಿಕನ್ ಟೊಬ್ಯಾಕೊದವರೂ ವಿಲ್ಸ್ ಸೇರಿಕೊಂಡಿದ್ದ ಇಂಪೀರಿಯಲ್ ಟೊಬ್ಯಾಕೊದವರೂ ಜಗಳ ಮುಗಿಸಿ 1902ರಲ್ಲಿ ಜೊತೆಯಾಗಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಟ್ಟಿದರು. ನಮ್ಮ ಐಟಿಸಿ 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಆಫ್ ಇಂಡಿಯಾ ಅಂತ ಶುರುವಾದದ್ದೂ ಅದೇ ಬಳಗದಿಂದ. ಅಮೆರಿಕದಲ್ಲಿ ಮಾತ್ರ 1911ರಲ್ಲಿ ಸುಪ್ರೀಂ ಕೋರ್ಟು ಏಕಸ್ವಾಮ್ಯದ ಕೇಸಿನಲ್ಲಿ ಆ ಕಂಪನಿಯನ್ನು ತುಂಡು ಮಾಡಿತು. ಟಿ206 ನಿಂತದ್ದೂ ಅದೇ ವರ್ಷ. ಬ್ರಿಟಿಷ್ ಕಾರ್ಡುಗಳು ಬೆಲೆಯಲ್ಲಿ ಇವುಗಳ ಹತ್ತಿರ ಬರುವುದಿಲ್ಲ, ಬಹಳಷ್ಟು ಸೆಟ್ಟುಗಳು ಇವತ್ತಿಗೂ ಅಗ್ಗಕ್ಕೆ ಸಿಗುತ್ತವೆ. ಕ್ರಿಕೆಟ್ ಪ್ರೀತಿ ಇರುವವರಿಗೆ ಅಲ್ಲಿಂದ ಶುರು ಮಾಡುವುದು ಜೇಬಿಗೆ ಒಳ್ಳೆಯದು.

ಹಾಸನ_ಟು_ಓಹಾಯೋ

ಬೆಲೆ ಹೇಳಿದೆ. 'ಆಟಗಾರ ಯಾರೋ ಗೊತ್ತಿಲ್ಲ, ಆದರೆ ಹೆಸರು ನಿಮ್ಮದಲ್ವಾ, ನೀನೇ ಇಟ್ಟುಕೋ' ಅಂದರು ಅಜ್ಜಿ. ಮಗಳೂ ಒಪ್ಪಿದರು. ಈಗ ಕಾಬ್ ಮತ್ತು ಇನ್ನೊಂದಿಷ್ಟನ್ನು ಗ್ರೇಡಿಂಗ್‌ಗೆ ಅಂಚೆಯಲ್ಲಿ ಕಳಿಸಬೇಕು. ಹೇಗೆ ಕಟ್ಟಲಿ?

ಸುಧಾ_ಎಡಿಸನ್

ಮೊದಲು ಮೆತ್ತನೆಯ ಪ್ಲಾಸ್ಟಿಕ್ ಕವರ್, ಆಮೇಲೆ ಸೆಮಿ ರಿಜಿಡ್ ಹೋಲ್ಡರ್, ಅಂದರೆ ಸ್ವಲ್ಪ ಗಟ್ಟಿ ಪ್ಲಾಸ್ಟಿಕ್ಕಿನದು. ಟಿ206 ಅಳತೆಯದ್ದೇ ಸಿಗುತ್ತದೆ, ಮಾಮೂಲಿ ಕಾರ್ಡಿನದಕ್ಕೆ ಹಾಕಿದರೆ ಒಳಗೆ ಅಲುಗಾಡಿ ಮೂಲೆ ಮತ್ತೆ ಸವೆಯುತ್ತದೆ. ಹೋಲ್ಡರ್ ಬಾಯಿಗೆ ನೇರವಾಗಿ ಟೇಪ್ ಹಾಕಬೇಡಿ, ತೆಗೆಯುವವನು ಎಳೆದಾಗ ಕಾರ್ಡೂ ಎದ್ದು ಬರುತ್ತದೆ. ಎಲ್ಲವನ್ನೂ ಎರಡು ರಟ್ಟಿನ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ, ಬಿಗಿಯಾಗಿ ಬೇಡ, ಬಬಲ್ ಸುತ್ತಿ ಡಬ್ಬಿಯಲ್ಲಿ ಇಡಿ. ಲಕೋಟೆ ಬೇಡ. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಮೇಲ್ ಕೇಳಿ, ನಿಧಾನ ಆದರೂ ಪ್ರತಿ ಕೈಯಲ್ಲೂ ಸಹಿ ಆಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಟೇಪ್ ಹಾಕಿದರೆ ತಗೊಳ್ಳುವುದಿಲ್ಲ, ಕಂದು ಕಾಗದದ ಟೇಪ್ ಬೇಕು. ಕಳಿಸುವ ಮೊದಲು ಎಲ್ಲದರ ಎರಡೂ ಕಡೆ ಸ್ಕ್ಯಾನ್ ಮಾಡಿ, ಒಂದು ಪ್ರತಿ ಮಗಳಿಗೂ ಮೇಲ್ ಮಾಡಿ. ಆ ರೀಪ್ರಿಂಟ್ ವ್ಯಾಗ್ನರನ್ನು ಮಾತ್ರ ಮಾರುವ ಗುಂಪಿನಲ್ಲಿ ಸೇರಿಸಬೇಡಿ, ಯಾರಾದರೂ ಆಸೆಯಿಂದ ಕೊಂಡು ಆಮೇಲೆ ನಿಮ್ಮ ಮೇಲೆ ಬೀಳುತ್ತಾರೆ.